ರೀಮೇಕ್ ಆದರೆ ದೆವ್ವ ಏಕೆ ಸೊರಗುತ್ತದೆ?

ಪೇಟೆಗೆ ಹೊರಟು ನಿಂತ ಗಂಗಾಳನ್ನು ಗಂಡ ಬೇಡವೆಂದು ತಡೆಯುತ್ತಾನೆ. ಅಷ್ಟಕ್ಕೇ ಅವಳ ದನಿ ಗಡುಸಾಗುತ್ತದೆ, ಕಣ್ಣುಗಳು ಅಗಲವಾಗುತ್ತವೆ, ಮಂಚವನ್ನು ಒಂದೇ ಕೈಯಲ್ಲಿ ಎತ್ತಿಬಿಡುತ್ತಾಳೆ. ತೆರೆಯ ಮೇಲೆ ದೆವ್ವವೂ ಇಲ್ಲ, ರಕ್ತವೂ ಇಲ್ಲ. ಇರುವುದು ಶೋಭನಾ ಅವರ ಮುಖವಷ್ಟೇ. 1993ರಲ್ಲಿ ಫಾಜಿಲ್ ನಿರ್ದೇಶಿಸಿದ ಮಲಯಾಳಂನ ‘ಮಣಿಚಿತ್ರತ್ತಾಳ್’ ಚಿತ್ರದ ದೃಶ್ಯವಿದು. ಈ ಪಾತ್ರಕ್ಕಾಗಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು.

ಪಿ. ವಾಸು ಅದೇ ಕಥೆಯನ್ನು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದರು. ಗಂಗಾ ಆಗಿದ್ದ ಸೌಂದರ್ಯ, ಚಿತ್ರ ತೆರೆಗೆ ಬರುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ವಿಷ್ಣುವರ್ಧನ್ ಅವರ ಈ ಚಿತ್ರ ಭರ್ಜರಿಯಾಗಿ ಓಡಿತು. ಸೌಂದರ್ಯ ಅವರ ನಟನೆಯಂತೂ ಇಂದಿಗೂ ಮೈ ನಡುಗಿಸುತ್ತದೆ. ಮರುವರ್ಷ ವಾಸು ಅದನ್ನೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದರು.

ಸೊರಗುವುದು ಎಲ್ಲಿ ಎಂಬುದು ‘ಚಂದ್ರಮುಖಿ’ಯಲ್ಲಿ ಚೆನ್ನಾಗಿ ಕಾಣುತ್ತದೆ. ಮೂಲದಲ್ಲಿ ಮೋಹನ್‌ಲಾಲ್ ಅವರ ಡಾಕ್ಟರ್ ಬರುವುದು ಕಥೆ ಸಾಕಷ್ಟು ದೂರ ಸಾಗಿದ ಮೇಲೆ. ಅಲ್ಲಿಯವರೆಗೆ, ದೆವ್ವವಿದೆ ಎನ್ನುವ ಹಳೇ ಮನೆಯಲ್ಲಿ ಪ್ರೇಕ್ಷಕನಿಗೆ ದಿಕ್ಕಿಲ್ಲ. ಅದೇ ಪಾತ್ರದ ರಜನಿಕಾಂತ್ ಆದರೋ ಶುರುವಿನಲ್ಲೇ ಹೊಡೆದಾಟ, ಹಾಡಿನೊಂದಿಗೆ ಬರುತ್ತಾರೆ. ಕಾಪಾಡುವವನು ಮೊದಲೇ ಬಂದು ಕೂತಿದ್ದರೆ ಹೆದರುವುದಾದರೂ ಯಾಕೆ? ಸಾಲದ್ದಕ್ಕೆ ಒಂದು ದೈತ್ಯ ಸರ್ಪವೂ ಸೇರಿಕೊಂಡಿತು.

ಕಾಯಿಸುವುದರ ಬಲ ಏನೆಂದು ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಭವಿಷ್ಯ ನುಡಿಯುವ ಕಾರಣಿಕ ಕಂಡವರಿಗೆ ಹೇಳಬೇಕಿಲ್ಲ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದ ಕೂಡಲೇ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ದೈವವಾಣಿಗೆ ಮೊದಲಿನ ಆ ಮೌನವೇ ಅರ್ಧ ಕೆಲಸ ಮಾಡಿರುತ್ತದೆ. ರೀಮೇಕ್ ಮಾಡುವವರು ಮೊದಲು ಕತ್ತರಿಸುವುದು ಇಂಥ ಮೌನವನ್ನೇ; ಆ ಜಾಗಕ್ಕೆ ಕಿವಿಗಡಚಿಕ್ಕುವ ಹಿನ್ನೆಲೆ ಸಂಗೀತ ತುಂಬುತ್ತಾರೆ.

ಹಾಗೆಂದು ಏನೂ ಬದಲಿಸದೆ ನಕಲಿಳಿಸಿದರೂ ಫಲವಿಲ್ಲ. ಹಿಚ್‌ಕಾಕ್‌ರ ‘ಸೈಕೋ’ವನ್ನು ಗಸ್ ವಾನ್ ಸ್ಯಾಂಟ್ 1998ರಲ್ಲಿ ಹೆಚ್ಚುಕಡಿಮೆ ಶಾಟ್ ಬೈ ಶಾಟ್ ಮತ್ತೆ ತೆಗೆದರು, ಅದೂ ಬಣ್ಣದಲ್ಲಿ. ಚಿತ್ರ ನೆಲಕಚ್ಚಿತು. 1960ರಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡಬೇಡಿ ಎಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ತಾಕೀತು ಮಾಡಿದ್ದರು. ಗುಟ್ಟು ಕಾಯುವುದು ಅವರಿಗೆ ಅಷ್ಟು ಮುಖ್ಯವಾಗಿತ್ತು. ಬಚ್ಚಲಿನ ಕೊಲೆ ಜಗತ್ತಿಗೆಲ್ಲ ಬಾಯಿಪಾಠವಾದ ಮೇಲೆ ಬೆಚ್ಚಿಬೀಳುವವರು ಯಾರು?

ಹೆದರಿಸುವುದರಲ್ಲಿ ಗೆದ್ದವರೂ ಇದ್ದಾರೆ. ಜಾನ್ ಕಾರ್ಪೆಂಟರ್ 1982ರಲ್ಲಿ ‘ದಿ ಥಿಂಗ್’ ಮಾಡುವಾಗ 1951ರ ಚಿತ್ರವನ್ನು ಅನುಕರಿಸಲಿಲ್ಲ. ಅದಕ್ಕೂ ಹಿಂದಿನ ಮೂಲಕಥೆಗೆ ಹೋಗಿ, ಜೊತೆಯಲ್ಲಿರುವವನೇ ಮನುಷ್ಯನಲ್ಲದಿರಬಹುದು ಎಂಬ ಅನುಮಾನವನ್ನು ಹೆಕ್ಕಿ ತಂದರು.

ಕನ್ನಡದ್ದೇ ಆದ ‘ಯೂ ಟರ್ನ್’ (2016) ಕೂಡ ಹಲವು ಭಾಷೆಗಳಿಗೆ ಹೋಯಿತು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ಬೈಕಿನವರು ವಿಭಜಕದ ಕಲ್ಲು ಸರಿಸಿ ತಿರುಗುತ್ತಿದ್ದ ಚಾಳಿಯಿಂದ ಪವನ್ ಕುಮಾರ್ ಹುಟ್ಟಿಸಿದ ಭಯ ಅದು. ಆ ಕಲ್ಲುಗಳನ್ನು ದಿನವೂ ಕಂಡವರಿಗೆ ತಟ್ಟಿದಷ್ಟು ಅದು ಬೇರೆ ಊರಿನವರಿಗೆ ತಟ್ಟುವುದು ಕಷ್ಟ.

‘ಮಣಿಚಿತ್ರತ್ತಾಳ್’ 2024ರಲ್ಲಿ ಹೊಸ ಹೊಳಪಿನೊಂದಿಗೆ ಮತ್ತೆ ಚಿತ್ರಮಂದಿರಗಳಿಗೆ ಬಂದಿತ್ತು. ‘ಆಪ್ತಮಿತ್ರ’ವನ್ನು ಮೆಚ್ಚಿದವರು ಮೂಲವನ್ನೂ ಒಮ್ಮೆ ನೋಡಿ, ಆದಷ್ಟು ರಾತ್ರಿ ಹೊತ್ತು, ಫೋನ್ ಬದಿಗಿಟ್ಟು.