ಬಾತಿನ ಮರಿ, ಫೆಸೆಂಟ್ ಮರಿ: ಕೋಳಿಮರಿಯ ಲೆಕ್ಕ ಇಲ್ಲಿ ನಡೆಯದು

ಬಾತಿನ ಮರಿ ಅಥವಾ ಬಣ್ಣದ ಗೋಲ್ಡನ್ ಫೆಸೆಂಟ್ ಮರಿ ಮನೆಗೆ ಬಂದಾಗ ಹೆಚ್ಚಿನವರು ಕೋಳಿಮರಿಗೆ ಮಾಡಿದ ಏರ್ಪಾಟನ್ನೇ ಮಾಡುತ್ತಾರೆ: ರಟ್ಟಿನ ಪೆಟ್ಟಿಗೆ, ಮೇಲೊಂದು ಬಲ್ಬು, ಒಂದು ಹಿಡಿ ನುಚ್ಚು. ನಾಟಿ ಕೋಳಿಮರಿ ಅಷ್ಟರಲ್ಲೇ ಹೇಗೋ ಸುಧಾರಿಸಿಕೊಂಡೀತು. ಆದರೆ ಬಾತು ನೀರಿನ ಹಕ್ಕಿ, ಫೆಸೆಂಟ್ ಪೊದೆಯ ಹಕ್ಕಿ; ಎರಡರ ಅಗತ್ಯಗಳೂ ಬೇರೆ.

ಕಾವು ಮತ್ತು ಬಿಸಿ

ಕೋಳಿಮೊಟ್ಟೆ 21 ದಿನಕ್ಕೆ ಮರಿಯಾದರೆ ಗೋಲ್ಡನ್ ಫೆಸೆಂಟ್ ಮೊಟ್ಟೆಗೆ ಸುಮಾರು 22–23 ದಿನ, ಬಾತಿನದಕ್ಕೆ 28 ದಿನ, ಮಸ್ಕವಿ ಬಾತಿನದಕ್ಕೆ ಸುಮಾರು 35 ದಿನ ಬೇಕು. ಮೊಟ್ಟೆಗೆ ಹೆಸರಾದ ಖಾಕಿ ಕ್ಯಾಂಪ್‌ಬೆಲ್ ಬಾತು ಕಾವಿಗೆ ಕೂರುವುದೇ ಅಪರೂಪ. ಹಾಗಾಗಿ ಇನ್‌ಕ್ಯುಬೇಟರ್ ಬೇಕು, ಇಲ್ಲವೇ ಕಾವಿಗೆ ಬಂದ ನಾಟಿ ಹೇಂಟೆಯ ಕೆಳಗೆ ಮೊಟ್ಟೆ ಇಡಬೇಕು. ಹೇಂಟೆ ಒಂದು ವಾರ ಹೆಚ್ಚು ಕೂರಬೇಕಾಗುವುದರಿಂದ ಕಾಳು, ನೀರು ಪಕ್ಕದಲ್ಲೇ ಇರಲಿ.

ಮೊದಲ ವಾರ ಬಾತಿನ ಮರಿಗೆ ಸುಮಾರು 30–32 ಡಿಗ್ರಿ ಸೆಲ್ಸಿಯಸ್, ಫೆಸೆಂಟ್ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ನೆಲಕ್ಕೆ ನ್ಯೂಸ್‌ಪೇಪರ್ ಹಾಸಬೇಡಿ. ಕಾಲು ಜಾರಿ ಅಗಲವಾಗಿಬಿಡುತ್ತದೆ. ಭತ್ತದ ಹೊಟ್ಟು ಸಾಕು. ಅದು ಒದ್ದೆಯಾದಾಗಲೆಲ್ಲ ಬದಲಾಯಿಸಿ.

ಬಾತಿಗೆ ನೀರು

ಬಾತಿನ ಮರಿ ತಿನ್ನುವಾಗ ನೀರೂ ಬೇಕು. ನೀರಿಲ್ಲದೆ ಒಣ ಪುಡಿ ಆಹಾರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಕ್ಕನ್ನು ಮೂಗಿನ ಹೊಳ್ಳೆಯವರೆಗೆ ಅದ್ದಿ ತೊಳೆದುಕೊಳ್ಳುವಷ್ಟು ಆಳ ಇರಲಿ, ಒಳಗಿಳಿದು ನೆನೆಯುವಷ್ಟು ಬೇಡ. ಇನ್‌ಕ್ಯುಬೇಟರ್ ಮರಿಗಳ ಮೈಗೆ ತಾಯಿಯ ಆಸರೆ ಇಲ್ಲ. ನೆನೆದರೆ ಬೇಗ ಚಳಿ ಹಿಡಿಯುತ್ತದೆ. ಈಜು ಆಮೇಲೆ, ಪುಕ್ಕ ಬಂದ ಮೇಲೆ.

ಆಹಾರದಲ್ಲಿ ಎರಡು ಎಚ್ಚರಿಕೆ. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಎಂಬ ಬಿ ಜೀವಸತ್ವ ಬೇಕು; ಕೊರತೆಯಾದರೆ ಕಾಲು ಬಾಗುತ್ತದೆ. ಸ್ಟಾರ್ಟರ್ ಫೀಡಿಗೆ ಸ್ವಲ್ಪ ಬ್ರೂವರ್ಸ್ ಯೀಸ್ಟ್ ಬೆರೆಸುವುದು ಇದಕ್ಕೇ. ಎರಡನೆಯದು ಬೂಷ್ಟು. ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ವಿಷವನ್ನು ಬಾತು ಕೋಳಿಯಷ್ಟೂ ತಡೆದುಕೊಳ್ಳದು. ಮಳೆಗಾಲದಲ್ಲಿ ಹಿಂಡಿಯ ಚೀಲವನ್ನು ಮೂಸಿ ನೋಡಿಯೇ ಬಳಸಿ, ಅನುಮಾನವಿದ್ದರೆ ಎಸೆಯಿರಿ.

ಫೆಸೆಂಟ್‌ಗೆ ಮರೆ ಮತ್ತು ಮೃದು ಮೇಲ್ಛಾವಣಿ

ಚೀನಾದ ಕಾಡುಗಳಿಂದ ಬಂದ ಗೋಲ್ಡನ್ ಫೆಸೆಂಟ್ ಬೆಚ್ಚಿಬಿದ್ದರೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಗೂಡಿನ ಮೇಲೆ ಗಟ್ಟಿ ಜಾಲರಿಯಿದ್ದರೆ ತಲೆ ಒಡೆಯುತ್ತದೆ; ಅದಕ್ಕೇ ಮೃದುವಾದ ನೈಲಾನ್ ಬಲೆ ಬೇಕು. ಇಕ್ಕಟ್ಟಾದರೆ ಮರಿಗಳು ಒಂದರ ಪುಕ್ಕ ಇನ್ನೊಂದು ಕುಕ್ಕುತ್ತವೆ. ಒಳಗೆ ನಾಲ್ಕಾರು ಕುಂಡ, ಸೊಪ್ಪಿನ ಕೊಂಬೆ ಇಟ್ಟು ಅಡಗಲು ಜಾಗ ಮಾಡಿಕೊಡಿ. ಮರಿಗೆ ಬಾತಿಗಿಂತ ಹೆಚ್ಚು, ಸುಮಾರು ಶೇ. 28ರಷ್ಟು ಪ್ರೋಟೀನು ಬೇಕು. ಟರ್ಕಿ ಸ್ಟಾರ್ಟರ್ ಸೂಕ್ತ. ಗಂಡಿಗೆ ಚಿನ್ನದ ಬಣ್ಣ ಪೂರ್ತಿ ಬರುವುದು ಎರಡನೆಯ ವರ್ಷ. ಫೆಸೆಂಟುಗಳನ್ನು ಕೋಳಿ ಓಡಾಡಿದ ಮಣ್ಣಿನಲ್ಲಿ ಬಿಡಬೇಡಿ. ಕೋಳಿಯ ಹೊಟ್ಟೆಹುಳುವಿನ ಮೊಟ್ಟೆಗಳ ಮೂಲಕ ಬ್ಲ್ಯಾಕ್‌ಹೆಡ್ ರೋಗ ಅಂಟೀತು.

ಕೊಳ್ಳುವ ಮುನ್ನ

ನವಿಲು, ಕಾಡುಕೋಳಿಯಂಥ ನಮ್ಮ ಕಾಡಿನ ಹಕ್ಕಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಫೆಸೆಂಟುಗಳಲ್ಲಿ ಕೆಲವು ಜಾತಿಗಳು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿವೆ. ಈ ಕಾಯ್ದೆಯ 2022ರ ತಿದ್ದುಪಡಿಯ ನಂತರ ಅಂಥವನ್ನು ಸಾಕಲು ನೋಂದಣಿ ಕಡ್ಡಾಯ. ಮಾರಾಟಗಾರರಿಂದ ಜಾತಿಯ ಹೆಸರು ಬರೆದ ಬಿಲ್ ಪಡೆಯಿರಿ. ಬಾತಿನ ಪ್ಲೇಗ್ ಲಸಿಕೆಯ ವೇಳೆಯನ್ನು ಹತ್ತಿರದ ಪಶುವೈದ್ಯರಲ್ಲಿ ಕೇಳಿಕೊಳ್ಳಿ. ಮೊದಲ ಸಲ ಸಾಕುವವರು ಬಾತಿನಿಂದಲೇ ಆರಂಭಿಸುವುದು ಮೇಲು: ಜೀವ ಗಟ್ಟಿ, ಬೆಲೆ ಕಡಿಮೆ, ಮೊಟ್ಟೆಯೂ ಸಿಗುತ್ತದೆ.