ಬಂದವರಲ್ಲಿ ಕೊಂಡವರೆಷ್ಟು?

ಕಳೆದ ವರ್ಷ ದೀಪಾವಳಿ ಮುಗಿದ ಕೆಲವು ದಿನಗಳಲ್ಲಿ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ಚೀಟಿಯನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದಳು. ಆಕೆಯ ತಾಯಿ ಮನೆಯಲ್ಲಿ ಚಟ್ನಿಪುಡಿ, ಸಾರಿನಪುಡಿಗಳನ್ನು ಮಾಡಿ ಮಾರುವವರು. ಅವುಗಳ ಮಾರಾಟಕ್ಕಾಗಿ ಮಗಳು ಅಂತರಜಾಲದಲ್ಲಿ ಒಂದು ಪುಟವನ್ನು ಸಿದ್ಧಪಡಿಸಿದ್ದಳು. ಹಬ್ಬಕ್ಕೆ ಮುಂಚಿನ ಒಂದು ವಾರದಲ್ಲಿ ಆ ಪುಟಕ್ಕೆ 50 ಮಂದಿ ಬಂದು, ಅವರಲ್ಲಿ 3 ಮಂದಿ ಪುಡಿಯನ್ನು ಕೊಂಡಿದ್ದರು. ಆ ಬಳಿಕ ಆಕೆ ಪುಟದ ತಲೆಬರಹವನ್ನು ಬದಲಿಸಿ, ಚಿತ್ರವನ್ನು ದೊಡ್ಡದಾಗಿಸಿ, ಒತ್ತುವ ಗುಂಡಿಯ ಬಣ್ಣವನ್ನು ನೀಲಿಯಿಂದ ಕಿತ್ತಳೆಗೆ ತಿರುಗಿಸಿದಳು. ಹಬ್ಬದ ವಾರದಲ್ಲಿ ಮತ್ತೆ 50 ಮಂದಿ ಬಂದರು. ಈ ಸಲ 6 ಮಂದಿ ಕೊಂಡರು.

"ಕೊಳ್ಳುವವರು ಎರಡು ಪಟ್ಟಾಗಿದ್ದಾರೆ. ಇನ್ನು ಮನೆಯ ಉಳಿತಾಯದಿಂದ 20,000 ರೂಪಾಯಿ ತೆಗೆದು ಜಾಹೀರಾತಿಗೆ ಹಾಕಬಹುದಲ್ಲವೇ?" ಎಂಬುದು ಆಕೆಯ ಪ್ರಶ್ನೆ.

ಆಕೆಯ ಲೆಕ್ಕ ಹೀಗಿತ್ತು. ಜಾಹೀರಾತಿನ ಮೂಲಕ ಒಬ್ಬನನ್ನು ಪುಟಕ್ಕೆ ಕರೆತರಲು ಸುಮಾರು 10 ರೂಪಾಯಿ ವೆಚ್ಚ. ಒಬ್ಬ ಗ್ರಾಹಕನಿಂದ ಬರುವ ಲಾಭ 120 ರೂಪಾಯಿ. ನೂರು ಮಂದಿಯನ್ನು ಕರೆತರಲು 1,000 ರೂಪಾಯಿ ಬೇಕು. ನೂರರಲ್ಲಿ 12 ಮಂದಿ ಕೊಂಡರೆ ಬರುವುದು 1,440 ರೂಪಾಯಿ, ವ್ಯಾಪಾರ ಲಾಭದಾಯಕ. ಆದರೆ 6 ಮಂದಿಯೇ ಕೊಂಡರೆ ಬರುವುದು 720 ರೂಪಾಯಿ ಮಾತ್ರ. ಹಾಕಿದ ಹಣವೂ ಹಿಂದಿರುಗದು. ಆದುದರಿಂದ ಆ ಮನೆಯ ಉಳಿತಾಯವೆಲ್ಲವೂ 3 ಮತ್ತು 6 ಎಂಬ ಎರಡು ಸಣ್ಣ ಸಂಖ್ಯೆಗಳನ್ನು ಅವಲಂಬಿಸಿತ್ತು. ಈ ಸಂಖ್ಯೆಗಳು ನಿಜವಾಗಿ ಏನನ್ನು ಹೇಳುತ್ತವೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಪುಟ ಮತ್ತು ಅದನ್ನು ಕಟ್ಟುವ ಸಾಧನ

ಜಾಹೀರಾತನ್ನೋ ಕೊಂಡಿಯನ್ನೋ ಒತ್ತಿದವನು ಮೊದಲು ಬಂದಿಳಿಯುವ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಎಂದು ಹೆಸರು. ನಾವು ಇದನ್ನು ಆಗಮನಪುಟವೆಂದು ಕರೆಯೋಣ. ಸಾಮಾನ್ಯವಾದ ಜಾಲತಾಣದಲ್ಲಿ ಹತ್ತಾರು ಬಾಗಿಲುಗಳಿರುತ್ತವೆ. ಆಗಮನಪುಟದಲ್ಲಿ ಇರುವುದು ಒಂದೇ ಉದ್ದೇಶ. ಬಂದವನು ವಸ್ತುವನ್ನು ಕೊಳ್ಳಬೇಕು, ಇಲ್ಲವೇ ತನ್ನ ಹೆಸರನ್ನು ನೋಂದಾಯಿಸಬೇಕು. ಬಂದವರಲ್ಲಿ ಹಾಗೆ ಮಾಡಿದವರ ಪಾಲನ್ನು ಪರಿವರ್ತನೆಯ ದರ ಎನ್ನುತ್ತಾರೆ.

ಇಂತಹ ಪುಟಗಳನ್ನು ಕಟ್ಟಲು ಈಗ ಸಿದ್ಧಸಾಧನಗಳಿವೆ. ಸಂಕೇತಭಾಷೆಯನ್ನು ಬರೆಯಲು ಬಾರದವರೂ ತಲೆಬರಹ, ಚಿತ್ರ, ಗುಂಡಿಗಳನ್ನು ಪರದೆಯ ಮೇಲೆ ಎಳೆದು ಜೋಡಿಸಿ ಪುಟವನ್ನು ರಚಿಸಬಹುದು. ಆದರೆ ವಿಜ್ಞಾನದ ದೃಷ್ಟಿಯಿಂದ ಈ ಸಾಧನಗಳ ಹೆಚ್ಚುಗಾರಿಕೆ ಇರುವುದು ಬೇರೊಂದು ಗುಣದಲ್ಲಿ. ಒಂದೇ ಪುಟದ ಎರಡು ರೂಪಗಳನ್ನು ಇರಿಸಿದರೆ, ಬರುವ ಪ್ರತಿಯೊಬ್ಬನಿಗೂ ನಾಣ್ಯವನ್ನು ಚಿಮ್ಮಿದಂತೆ ಯಾದೃಚ್ಛಿಕವಾಗಿ ಒಂದು ರೂಪವನ್ನು ತೋರಿಸಿ, ಎರಡು ಕಡೆಯ ಎಣಿಕೆಯನ್ನೂ ಅನೇಕ ಸಾಧನಗಳು ತಾವೇ ಇಡುತ್ತವೆ. ಒಮ್ಮೆ ಬಂದವನು ಮತ್ತೆ ಬಂದರೆ ಹಿಂದಿನ ರೂಪವೇ ಕಾಣುವಂತೆ ಅವನ ಯಂತ್ರದಲ್ಲಿ ಕುಕಿ ಎಂಬ ಸಣ್ಣ ಗುರುತನ್ನು ಉಳಿಸುವುದೂ ಉಂಟು. ಹೀಗೆ ಪುಟವನ್ನು ಕಟ್ಟುವ ಸಾಧನವು ಒಂದು ಪ್ರಯೋಗಶಾಲೆಯೂ ಆಗುತ್ತದೆ. ನಮ್ಮ ವಿದ್ಯಾರ್ಥಿನಿಯು ಅದರ ಮೊದಲನೆಯ ಉಪಯೋಗವನ್ನು ಪಡೆದಿದ್ದಳು, ಎರಡನೆಯದನ್ನು ಮುಟ್ಟಿಯೇ ಇರಲಿಲ್ಲ.

ಗೈಗರ್ ಎಣಿಕೆಯ ಪಾಠ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಗೈಗರ್ ಎಣಿಕೆಯಂತ್ರವನ್ನು ನೋಡಿದವರು ಒಂದು ಸಂಗತಿಯನ್ನು ಬಲ್ಲರು. ವಿಕಿರಣದ ಆಕರವನ್ನು ಕದಲಿಸದೆ ಇಟ್ಟು ನಿಮಿಷ ನಿಮಿಷದ ಎಣಿಕೆಯನ್ನು ಬರೆದುಕೊಂಡರೆ 25, 31, 22, 28 ಎಂಬಂತೆ ಸಂಖ್ಯೆಗಳು ಬರುತ್ತವೆ. ಆಕರ ಬದಲಾಗಿಲ್ಲ, ಯಂತ್ರವೂ ಕೆಟ್ಟಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಬಿಡಿ ಘಟನೆಗಳನ್ನು ಎಣಿಸಿದಾಗ ಇಂತಹ ಏರಿಳಿತವು ಅನಿವಾರ್ಯ. ಎಣಿಕೆಯ ವರ್ಗಮೂಲವೇ ಈ ಏರಿಳಿತದ ಅಳತೆ.

ಪುಟಕ್ಕೆ ಬಂದವರಲ್ಲಿ ಕೊಳ್ಳುವವರನ್ನು ಎಣಿಸುವಾಗಲೂ ಇದೇ ನಿಯಮವು ಸಲ್ಲುತ್ತದೆ. ಎರಡು ಪುಟಗಳಿಗೂ ಸಮಸಂಖ್ಯೆಯ ಜನರು ಬಂದಿದ್ದು, ಕೊಂಡವರು ಅವರಲ್ಲಿ ಸಣ್ಣ ಪಾಲಾಗಿದ್ದರೆ ಒಂದು ಸುಲಭವಾದ ಸೂತ್ರವನ್ನು ಬಳಸಬಹುದು. ಕೊಂಡವರ ಎರಡು ಎಣಿಕೆಗಳನ್ನೂ ಕೂಡಿಸಿ ವರ್ಗಮೂಲವನ್ನು ತೆಗೆಯಬೇಕು. ಎಣಿಕೆಗಳ ವ್ಯತ್ಯಾಸವು ಈ ವರ್ಗಮೂಲದ ಎರಡರಷ್ಟನ್ನು ಮೀರಿದ್ದರೆ ಮಾತ್ರ ಅದನ್ನು ಗಣನೆಗೆ ತೆಗೆದುಕೊಳ್ಳಬೇಕು. ಪುಟಗಳಲ್ಲಿ ನಿಜವಾದ ಭೇದವೇ ಇಲ್ಲದಿದ್ದರೆ ಅಷ್ಟು ದೊಡ್ಡ ವ್ಯತ್ಯಾಸವು ಕೇವಲ ಆಕಸ್ಮಿಕವಾಗಿ ಬರುವುದು ಸುಮಾರು 20 ಸಲಕ್ಕೆ ಒಂದು ಸಲ.

ಈಗ ಚೀಟಿಯಲ್ಲಿದ್ದ ಸಂಖ್ಯೆಗಳನ್ನು ನೋಡೋಣ. 3 ಮತ್ತು 6 ಕೂಡಿದರೆ 9; ಅದರ ವರ್ಗಮೂಲ 3; ಅದರ ಎರಡರಷ್ಟು 6. ಕಂಡ ವ್ಯತ್ಯಾಸವಾದರೋ 3 ಮಾತ್ರ. ಗೈಗರ್ ಯಂತ್ರದ ಏರಿಳಿತಕ್ಕಿಂತ ಇದರಲ್ಲಿ ಹೆಚ್ಚಿನದೇನೂ ಇಲ್ಲ. ಹೊಸ ಪುಟವು ಉತ್ತಮವಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ, ಉತ್ತಮವೆಂದೂ ಸಿದ್ಧವಾಗುವುದಿಲ್ಲ.

ಹೊಲದಿಂದ ಬಂದ ವಿದ್ಯೆ

ಚೀಟಿಯಲ್ಲಿ ಇನ್ನೊಂದು ದೋಷವೂ ಇತ್ತು. ಹಳೆಯ ಪುಟವನ್ನು ತೋರಿಸಿದ್ದು ಸಾಮಾನ್ಯವಾದ ವಾರದಲ್ಲಿ. ಹೊಸದನ್ನು ತೋರಿಸಿದ್ದು ಹಬ್ಬದ ವಾರದಲ್ಲಿ. ಹಬ್ಬದಲ್ಲಿ ಜನರು ಹೇಗಿದ್ದರೂ ಹೆಚ್ಚಾಗಿ ಕೊಳ್ಳುತ್ತಾರೆ. ಹಾಗಾದರೆ ಹೆಚ್ಚಾದ ಮೂವರನ್ನು ಕರೆತಂದದ್ದು ಕಿತ್ತಳೆಯ ಗುಂಡಿಯೋ, ದೀಪಾವಳಿಯೋ?

ಈ ತೊಡಕು ಮೊದಲು ಎದುರಾದದ್ದು ಅಂಗಡಿಯಲ್ಲಿ ಅಲ್ಲ, ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರು ಬಂದು ಸೇರಿದರು. ಹೊಲದ ಒಂದು ಭಾಗಕ್ಕೆ ಹೊಸ ಗೊಬ್ಬರವನ್ನೂ ಇನ್ನೊಂದು ಭಾಗಕ್ಕೆ ಹಳೆಯದನ್ನೂ ಹಾಕಿ ಬೆಳೆಯನ್ನು ತೂಗಿದರೆ, ಹೆಚ್ಚು ಬೆಳೆದದ್ದು ಗೊಬ್ಬರದ ಗುಣವೋ ಆ ಕಡೆಯ ಮಣ್ಣಿನ ಗುಣವೋ ಎಂದು ತಿಳಿಯುವ ಬಗೆಯಿಲ್ಲ. ಫಿಶರರು ತೋರಿಸಿದ ಪರಿಹಾರವು ಸರಳವಾಗಿತ್ತು. ಹೊಲವನ್ನು ಅನೇಕ ತುಂಡುಗಳಾಗಿ ವಿಭಾಗಿಸಿ, ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಬೇಕು. ಆಗ ಮಣ್ಣಿನ ಭೇದವು ಯಾವೊಂದು ಗೊಬ್ಬರದ ಪಕ್ಷವನ್ನೂ ವಹಿಸುವುದಿಲ್ಲ. ಈ ತತ್ತ್ವವನ್ನು ಅವರು 1935ರಲ್ಲಿ ಪ್ರಕಟವಾದ 'ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್' ಎಂಬ ಗ್ರಂಥದಲ್ಲಿ ವಿಸ್ತರಿಸಿದರು. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿ ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾದ ಸಿ. ಆರ್. ರಾವ್ ಅವರು ಕೇಂಬ್ರಿಜ್‌ನಲ್ಲಿ ಇದೇ ಫಿಶರರ ಶಿಷ್ಯರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಆಗಮನಪುಟದಲ್ಲಿ ಹೊಲದ ತುಂಡಿನ ಸ್ಥಾನದಲ್ಲಿರುವವನು ಬಂದ ವ್ಯಕ್ತಿ; ಗೊಬ್ಬರದ ಸ್ಥಾನದಲ್ಲಿರುವುದು ಪುಟದ ರೂಪ. ಎರಡು ರೂಪಗಳನ್ನೂ ಒಂದೇ ಕಾಲದಲ್ಲಿ ಯಾದೃಚ್ಛಿಕವಾಗಿ ತೋರಿಸಿದರೆ ಹಬ್ಬದ ಪ್ರಭಾವವು ಎರಡಕ್ಕೂ ಸರಿಸಮವಾಗಿ ಹಂಚಿಹೋಗುತ್ತದೆ.

ಮೂರು ಲಕ್ಷ ಜನರ ಪರೀಕ್ಷೆ

ಈ ವಿಧಾನದ ಒಂದು ಪ್ರಸಿದ್ಧ ಪ್ರಯೋಗವು 2007ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಡೆಯಿತು. ಆಗ ಬರಾಕ್ ಒಬಾಮ ಅವರು ಅಧ್ಯಕ್ಷಪದವಿಗಾಗಿ ಪ್ರಚಾರವನ್ನು ನಡೆಸುತ್ತಿದ್ದರು. ಅವರ ಪ್ರಚಾರ ತಂಡದಲ್ಲಿ ಅಂತರಜಾಲದ ಅಂಕಿ ಅಂಶಗಳನ್ನು ಪರಿಶೀಲಿಸುತ್ತಿದ್ದವರು ಡಾನ್ ಸಿರೋಕರ್. ಇಲ್ಲಿ ಮಾರುವ ವಸ್ತುವಿರಲಿಲ್ಲ; ಬಂದವರು ತಮ್ಮ ಇ-ಮೇಲ್ ವಿಳಾಸವನ್ನು ಕೊಡಬೇಕೆಂಬುದೇ ಪುಟದ ಗುರಿ. ಗುಂಡಿಯ ಮೇಲಿನ ಬರಹಕ್ಕೆ ನಾಲ್ಕು ರೂಪಗಳು. ಮೇಲುಗಡೆಯ ದೃಶ್ಯಕ್ಕೆ ಮೂರು ಚಿತ್ರ, ಮೂರು ವೀಡಿಯೊ, ಹೀಗೆ ಆರು ರೂಪಗಳು. ಒಟ್ಟು 24 ಜೋಡಣೆಗಳು. ಪುಟಕ್ಕೆ ಬಂದ 3,10,382 ಮಂದಿಯನ್ನು ಈ 24 ಜೋಡಣೆಗಳಿಗೆ ಹಂಚಲಾಯಿತು. ಒಂದೊಂದಕ್ಕೂ ಸುಮಾರು 13,000 ಮಂದಿ ದೊರೆತರು.

ತಂಡದವರಿಗೆ ಬಲು ಮೆಚ್ಚಿಕೆಯಾಗಿದ್ದುದು ಒಂದು ವೀಡಿಯೊ. ಪರೀಕ್ಷೆಯ ಫಲವು ಬೇರೆಯೇ ಆಯಿತು. ಮೂರು ವೀಡಿಯೊಗಳೂ ಮೂರು ಚಿತ್ರಗಳಿಗಿಂತ ಹಿಂದೆ ಬಿದ್ದವು. ಒಬಾಮರ ಕುಟುಂಬದ ಚಿತ್ರ ಮತ್ತು 'ಲರ್ನ್ ಮೋರ್', ಎಂದರೆ 'ಇನ್ನಷ್ಟು ತಿಳಿಯಿರಿ' ಎಂಬ ಗುಂಡಿ, ಇವುಗಳ ಜೋಡಣೆ ಗೆದ್ದಿತು. ಮೊದಲಿದ್ದ ಪುಟದ ದರ ನೂರಕ್ಕೆ 8.26, ಗೆದ್ದ ಪುಟದ್ದು 11.6.

ನಮ್ಮ ಸೂತ್ರವನ್ನು ಇಲ್ಲಿಗೂ ಅನ್ವಯಿಸೋಣ. 13,000 ಮಂದಿಯಲ್ಲಿ ಆ ದರಗಳಿಗೆ ಸರಿಯಾಗಿ ನೋಂದಾಯಿಸಿದವರು ಸುಮಾರು 1,070 ಮತ್ತು 1,510. ಇವುಗಳ ಮೊತ್ತದ ವರ್ಗಮೂಲ ಹೆಚ್ಚುಕಡಮೆ 51. ವ್ಯತ್ಯಾಸವು 440, ಅಂದರೆ ವರ್ಗಮೂಲದ ಎಂಟು ಪಟ್ಟಿಗಿಂತಲೂ ಅಧಿಕ. ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಅನುಭವಿಗಳ ಅಭಿರುಚಿಯು ಒಂದನ್ನು ಹೇಳಿತು, ಎಣಿಕೆಯು ಇನ್ನೊಂದನ್ನು ಹೇಳಿತು. ಅವರು ಎಣಿಕೆಯ ಮಾತನ್ನು ಕೇಳಿದರು. ಮುಂದೆ 2010ರಲ್ಲಿ ಸಿರೋಕರ್ ಅವರು ಪೀಟ್ ಕೂಮನ್ ಅವರೊಡನೆ ಸೇರಿ, ಇಂತಹ ಪರೀಕ್ಷೆಗಳನ್ನು ಎಲ್ಲರಿಗೂ ಸುಲಭವಾಗಿಸುವ ಆಪ್ಟಿಮೈಸ್ಲಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ನಮ್ಮನ್ನು ನಾವೇ ವಂಚಿಸಿಕೊಳ್ಳುವ ಬಗೆ

ಸಾಧನವು ಕೈಯಲ್ಲಿದ್ದ ಮಾತ್ರಕ್ಕೆ ನಿರ್ಣಯವು ಸರಿಯಾಗಿರಬೇಕೆಂದಿಲ್ಲ. ತಪ್ಪುವ ದಾರಿಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಆತುರ. ಎಣಿಕೆಯನ್ನು ದಿನದಿನವೂ ನೋಡುತ್ತಿದ್ದು, ನಮಗೆ ಮೆಚ್ಚಿಕೆಯಾದ ಪುಟವು ಮುಂದಿದ್ದ ದಿನ ಪರೀಕ್ಷೆಯನ್ನು ನಿಲ್ಲಿಸಿಬಿಡುವುದು. ಏರಿಳಿತವುಳ್ಳ ಸಂಖ್ಯೆಯು ಎಂದಾದರೊಂದು ದಿನ ಮೇಲಕ್ಕೆ ಬಂದೇ ಬರುತ್ತದೆ. ಆ ದಿನವನ್ನೇ ಆರಿಸಿಕೊಂಡರೆ 20ಕ್ಕೆ ಒಂದು ಎಂಬ ನಮ್ಮ ಮಿತಿ ಅರ್ಥವನ್ನು ಕಳೆದುಕೊಳ್ಳುತ್ತದೆ. ಎಷ್ಟು ಜನರು ಬರುವವರೆಗೆ ಕಾಯಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಹುಡುಕುವ ಭೇದವು ಅರ್ಧದಷ್ಟು ಚಿಕ್ಕದಾದರೆ ಬೇಕಾಗುವ ಜನರು ಸುಮಾರು ನಾಲ್ಕು ಪಟ್ಟಾಗುತ್ತಾರೆ ಎಂಬುದನ್ನೂ ಮರೆಯಬಾರದು.

ಎರಡನೆಯದು, ಬಹಳ ಹೋಲಿಕೆಗಳನ್ನು ಮಾಡಿ ಗೆದ್ದುದನ್ನಷ್ಟೇ ಹೇಳುವುದು. ಒಂದು ಪುಟವನ್ನು 23 ಬೇರೆ ಪುಟಗಳೊಡನೆ ಹೋಲಿಸುತ್ತೇವೆ ಎನ್ನೋಣ. ಹೋಲಿಕೆಗಳು ಒಂದನ್ನೊಂದು ಅವಲಂಬಿಸಿಲ್ಲವೆಂದು ಭಾವಿಸಿದರೆ, ನಿಜವಾದ ಭೇದವು ಎಲ್ಲಿಯೂ ಇಲ್ಲದಿದ್ದರೂ ಯಾವುದಾದರೂ ಒಂದು ಹೋಲಿಕೆಯು ನಮ್ಮ ಮಿತಿಯನ್ನು ದಾಟಿಬಿಡುವ ಸಂಭವವು ನೂರಕ್ಕೆ ಸುಮಾರು 70. ಎಂಟು ಪಟ್ಟಿನ ವ್ಯತ್ಯಾಸವು ಈ ಆಕ್ಷೇಪವನ್ನು ಎದುರಿಸಿ ನಿಲ್ಲಬಲ್ಲದು. ಎರಡು ಪಟ್ಟಿನದು ನಿಲ್ಲಲಾರದು.

ಎಣಿಕೆಗೆ ಕಾಣದ ಸಂಗತಿ

ಇದಲ್ಲದೆ, ಎಣಿಕೆಗೆ ಗೋಚರವಾಗದ ಇನ್ನೊಂದು ವಿಷಯವಿದೆ. ಗುಂಡಿಯನ್ನು ಒತ್ತಿದವನನ್ನು ಯಂತ್ರವು ಎಣಿಸುತ್ತದೆ. ಅವನು ಏಕೆ ಒತ್ತಿದನೆಂಬುದನ್ನು ಅರಿಯದು. "ಇನ್ನು ಎರಡೇ ಉಳಿದಿವೆ" ಎಂದು ಸುಳ್ಳು ತುರ್ತನ್ನು ಹುಟ್ಟಿಸಿದರೂ, ಕೇಳದ ವಸ್ತುವನ್ನು ಬುಟ್ಟಿಗೆ ಮೆಲ್ಲನೆ ಸೇರಿಸಿದರೂ ಎಣಿಕೆ ಏರಬಹುದು. ಪರೀಕ್ಷೆಯನ್ನು ಕುರುಡಾಗಿ ಅನುಸರಿಸಿದವನು, ತನಗರಿವಿಲ್ಲದೆಯೇ, ಹೆಚ್ಚು ಹೆಚ್ಚು ವಂಚಿಸುವ ಪುಟದ ಕಡೆಗೆ ಸಾಗಬಹುದು. ಇಂತಹ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರನ್ನು 2010ರಲ್ಲಿ ಹ್ಯಾರಿ ಬ್ರಿಗ್ನಲ್ ಅವರು ಕೊಟ್ಟರು. ನಮ್ಮ ದೇಶದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ 13 ಬಗೆಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ನಮ್ಮಲ್ಲಿ ಪುಟವನ್ನು ಕಟ್ಟುವವರು ಕೆಲವರು. ಪುಟಕ್ಕೆ ಬಂದು ಎಣಿಕೆಗೆ ಸಿಕ್ಕುವವರು ಎಲ್ಲರೂ. ಆದುದರಿಂದ ಈ ವಿಷಯವು ವ್ಯಾಪಾರಿಗೆ ಮಾತ್ರವೇ ಸಂಬಂಧಿಸಿದ್ದಲ್ಲ.

ವಿದ್ಯಾರ್ಥಿನಿಯ ವಿಷಯಕ್ಕೆ ಬರೋಣ. ಆಕೆಯು ಹಣವನ್ನು ತೆಗೆಯದೆ, ಎರಡು ಪುಟಗಳಿಗೂ ತಲಾ 400 ಮಂದಿ ಬರುವವರೆಗೆ ಕಾಯುವುದೆಂದು ನಿಶ್ಚಯಿಸಿಕೊಂಡಳು. ಅದಕ್ಕೆ ಸುಮಾರು ನಾಲ್ಕು ತಿಂಗಳು ಹಿಡಿಯಿತು. ಹಳೆಯ ಪುಟದಿಂದ 29 ಮಂದಿ, ಹೊಸದರಿಂದ 33 ಮಂದಿ ಕೊಂಡರು. ಮೊತ್ತ 62, ವರ್ಗಮೂಲ ಸುಮಾರು 8, ವ್ಯತ್ಯಾಸ 4. ಕಿತ್ತಳೆಯ ಗುಂಡಿಯಿಂದ ವ್ಯಾಪಾರವು ಎರಡು ಪಟ್ಟಾಗಲಿಲ್ಲವೆಂಬುದು ಸ್ಪಷ್ಟವಾಯಿತು. ಎರಡನ್ನೂ ಕೂಡಿ ನೋಡಿದರೆ ನೂರಕ್ಕೆ ಕೊಂಡವರು ಎಂಟಕ್ಕೂ ಕಡಮೆ. ಜಾಹೀರಾತಿನ ವೆಚ್ಚವು ಹಿಂದಿರುಗಲು ಒಂಬತ್ತು ಮಂದಿಯಾದರೂ ಬೇಕಾಗಿತ್ತು. ಇಪ್ಪತ್ತು ಸಾವಿರ ರೂಪಾಯಿ ಮನೆಯಲ್ಲಿಯೇ ಉಳಿಯಿತು. ಆಕೆ ಈಗ ಪುಟದಲ್ಲಿ ಪೊಟ್ಟಣದ ತೂಕವನ್ನೂ ಅಂಚೆಯ ವೆಚ್ಚವನ್ನೂ ಮೊದಲೇ ತಿಳಿಸಿ ಹೊಸ ಪರೀಕ್ಷೆಯನ್ನು ಆರಂಭಿಸಿದ್ದಾಳೆ.

ವಾಚಕರು ಮನೆಯಲ್ಲಿ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ದಾಳವನ್ನು 50 ಸಲ ಉರುಳಿಸಿ ಆರು ಎಷ್ಟು ಸಲ ಬಿತ್ತೆಂದು ಬರೆದುಕೊಳ್ಳಿರಿ. ಅದೇ ದಾಳವನ್ನು ಇನ್ನೂ 50 ಸಲ ಉರುಳಿಸಿ ಮತ್ತೆ ಬರೆದುಕೊಳ್ಳಿರಿ. ದಾಳವು ಒಂದೇ ಆದರೂ ಎರಡು ಸಂಖ್ಯೆಗಳು ಬಹುಶಃ ಬೇರೆಯಾಗಿರುತ್ತವೆ. ಮುಂದೆ ಯಾರಾದರೂ ಎರಡು ಸಂಖ್ಯೆಗಳನ್ನು ತೋರಿಸಿ ಹಣವನ್ನು ಹಾಕಲು ಹೇಳಿದಾಗ, ಆ ಕಾಗದವನ್ನು ಒಮ್ಮೆ ತೆಗೆದು ನೋಡಿರಿ.