‘ಹೆಗ್ಗಡೆ’ ಎಂಬ ಮನೆತನದ ಹೆಸರು: ಒಂದು ವಿವೇಚನೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಬಳಕೆಯಲ್ಲಿರುವ ‘ಹೆಗ್ಗಡೆ’, ‘ಹೆಗಡೆ’ ಎಂಬ ಹೆಸರುಗಳ ಪ್ರಾಚೀನ ರೂಪ ‘ಪೆರ್ಗಡೆ’. ಇಲ್ಲಿ ‘ಪೆರ್’ ಎಂದರೆ ಹಿರಿದು. ರೇಫದ ಮುಂದಣ ವ್ಯಂಜನವು ದ್ವಿತ್ವ ಹೊಂದಿ ಶಾಸನಗಳಲ್ಲಿ ‘ಪೆರ್ಗ್ಗಡೆ’ ಎಂದೂ ಕಾಣುತ್ತದೆ. ಪಕಾರಕ್ಕೆ ಹಕಾರ ಬಂದು, ರೇಫವು ಗಕಾರದಲ್ಲಿ ಲೀನವಾಗಿ ‘ಹೆಗ್ಗಡೆ’ ಸಿದ್ಧಿಸಿತು.

ಮೂಲತಃ ಇದು ಅಧಿಕಾರವಾಚಕವೇ ಹೊರತು ಕುಲವಾಚಕವಲ್ಲ. ‘ಮನೆವೆರ್ಗಡೆ’ ಎಂದರೆ ಅರಮನೆಯ ಮೇಲ್ವಿಚಾರಕ. ‘ಸುಂಕವೆರ್ಗಡೆ’ ಎಂದರೆ ಸುಂಕದ ಅಧಿಕಾರಿ. ಸಾಂತರರ ಹೊಂಬುಜದಲ್ಲಿ 1062ರಲ್ಲಿ ಜಿನಾಲಯವನ್ನು ಮಾಡಿಸಿದ ನೊಕ್ಕಯ್ಯ ಸೆಟ್ಟಿಗಿದ್ದ ‘ಪಟ್ಟಣಸ್ವಾಮಿ’ ಎಂಬುದೂ ಇಂಥದೇ ಪದವಿ.

ಪದವಿಯು ವಂಶಪಾರಂಪರ್ಯವಾಗಿ ಇಳಿದು ಮನೆತನದ ಹೆಸರಾದುದರಿಂದ ಹೆಗ್ಗಡೆಯವರೆಲ್ಲರೂ ಒಂದೇ ಸಮಾಜದವರಲ್ಲ. ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಸಾಗರದ ಹವ್ಯಕರಲ್ಲಿ ಹೆಗಡೆಯವರುಂಟು. ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯ ಹೆಗ್ಗಡೆಯವರು ಒಕ್ಕಲಿಗರು.

ಆದಕಾರಣ ಓಲೆಗರಿಯ ಪುಷ್ಪಿಕೆಯಲ್ಲಿ ‘ಹೆಗ್ಗಡೆ’ ಎಂದು ಕಂಡ ಮಾತ್ರಕ್ಕೆ ಬರೆಯಿಸಿದವನ ಮತವನ್ನು ನಿರ್ಣಯಿಸಲಾಗದು. ಅವಸರಿಸಿದರೆ ಶಾಸ್ತ್ರದಾನ ಮಾಡಿದ ಶ್ರಾವಕನ ಪುಣ್ಯಕಾರ್ಯವು ಅನ್ಯರ ಹೆಸರಿಗೆ ಸಂದೀತು. ಅನ್ಯರದು ಶ್ರಾವಕನಿಗೂ ಸಂದೀತು. ಊರು, ಗೋತ್ರ, ಗುರುಪರಂಪರೆ, ಗಣಗಚ್ಛಗಳ ಸಾಕ್ಷ್ಯ ಕೂಡಿಬಂದಾಗಲೇ ಆ ಹೆಸರು ಪ್ರಮಾಣವೆನಿಸುತ್ತದೆ.